ಮುದುಕಿಯ ಏದುಸಿರು

ಅಕ್ಕ ಹೇಳಿದ್ದು ಒಂದೇ ಮಾತು: "ತಿದಿ ಮಾತ್ರ ನೋಡು. ರೀಡು ಮುಟ್ಟಬೇಡ."

ನಾನು ರೀಡು ಮುಟ್ಟಿದೆ.

ಮುಟ್ಟಿದ್ದಕ್ಕೆ ಕಾರಣ ಕೇಳಿದರೆ ದೊಡ್ಡದೇನೂ ಇಲ್ಲ. ನನ್ನದು ಲೋಹದ ಕೆಲಸ. ಲೇತು, ವೆಲ್ಡಿಂಗು, ಗೇಟಿನ ಕೀಲು, ಮೆಟ್ಟಿಲ ಕಂಬಿ. ಕಿಲುಬು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಯಾರದೋ ಮನೆಗೆ ಊಟಕ್ಕೆ ಕರೆದರೂ ಅವರ ಬಾಗಿಲ ಚಿಲಕ ಬಿಚ್ಚಿ ಎಣ್ಣೆ ಬಿಟ್ಟು ಬರುವ ಆಸಾಮಿ ನಾನು.

ಮುದುಕಿ ಎಂದರೆ ನಮ್ಮ ಬ್ಯಾಂಡಿನ ಆರ್ಗನ್ನು. ಎದೆಯೆತ್ತರದ ಮರದ ಪೆಟ್ಟಿಗೆ. ಎರಡೂ ಕಾಲಲ್ಲಿ ತಿದಿ ಒತ್ತುತ್ತ ಕೈಯಲ್ಲಿ ನುಡಿಸಬೇಕು. ಹಾರ್ಮೋನಿಯಂನ ಅಜ್ಜಿ ಎಂದುಕೊಳ್ಳಿ. ಒಳಗೆ ಸಾಲಾಗಿ ಹಿತ್ತಾಳೆಯ ರೀಡುಗಳು, ತಿದಿಯ ಗಾಳಿ ತಾಗಿದರೆ ನಡುಗಿ ಸ್ವರ ಕೊಡುವ ತೆಳು ನಾಲಗೆಗಳು. ಮುಚ್ಚಿಹೋದ ಒಂದು ಶಾಲೆಯಿಂದ ಇಪ್ಪತ್ತೇಳು ವರ್ಷದ ಹಿಂದೆ ನಾನೂ ಬಾವನೂ ಹೊತ್ತು ತಂದದ್ದು. ಅದರ ತೀರ ಕೆಳಗಿನ ಸ್ವರಕ್ಕೆ ಎರಡು ರೀಡು ಇವೆ. ಎರಡೂ ಒಂದೇ ಶ್ರುತಿಯಲ್ಲಿ ಇರಬೇಕಿತ್ತು, ಇರಲಿಲ್ಲ. ಒಂದು ಕೂದಲೆಳೆಯಷ್ಟು ಮೇಲೆ. ಹಾಗಾಗಿ ಆ ಸ್ವರ ಒತ್ತಿದರೆ ನಾದ ನೆಟ್ಟಗೆ ನಿಲ್ಲದೆ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ, ಮತ್ತೆ ಇಳಿಯುತ್ತದೆ. ನಿದ್ದೆ ಹೋದ ಮುದುಕಿಯ ಉಸಿರಿನ ಹಾಗೆ. ಹೆಸರು ಬಂದದ್ದು ಅಲ್ಲಿಂದ. ಆ ಏರಿಳಿತಕ್ಕೆ ನಾವು ಮಿಡಿತ ಎನ್ನುತ್ತೇವೆ.

ನಮ್ಮ ಸಂಗೀತಕ್ಕೆ ಗಾಥಿಕ್ ಬ್ಲ್ಯಾಕ್ ಮೆಟಲ್ ಎಂದು ಹೆಸರು. ಮುಖಕ್ಕೆ ಬಿಳಿ, ಕಣ್ಣ ಸುತ್ತ ಮಸಿ, ಗಂಟಲು ಹರಿಯುವ ಚೀರಾಟ. ಹಾಡಿನ ತುಂಬ ಸಾವು, ಬೂದಿ, ಪಾಳುಮನೆ. ಬೇಡದವರಿಗೆ ಗಲಾಟೆ, ಬೇಕಾದವರಿಗೆ ಪ್ರಾಣ. ಚೀರುವವನಿಗೆ ಗೂಬೆ ಎಂದು ಅಡ್ಡಹೆಸರು. ಬಾಸ್ ಗಿಟಾರೂ ಅವನದೇ. ಹೊಟ್ಟೆಪಾಡಿಗೆ ಶಾಲೆಮಕ್ಕಳ ವ್ಯಾನು ಓಡಿಸುತ್ತಾನೆ, ಮಕ್ಕಳು ಅವನ ಹೆಗಲ ಮೇಲೆ ಕೂತು ಕಿವಿ ಹಿಂಡುತ್ತವೆ. ಗಿಟಾರು ಬಾವನದು, ಅಂದರೆ ಅಕ್ಕನ ಗಂಡ. ಬೇಕರಿ ಇಟ್ಟಿದ್ದಾರೆ. ನಸುಕಿಗೆ ಎದ್ದು ಹಿಟ್ಟು ನಾದುವ ಮನುಷ್ಯ, ಕೂತಲ್ಲೇ ನಿದ್ದೆ. ಆರ್ಗನ್ನು ಅಕ್ಕನದು. ಡ್ರಮ್ಮು ನನ್ನದು. ಎಲ್ಲರೂ ಐವತ್ತು ದಾಟಿದವರು. ಕತ್ತಲ ಬಗ್ಗೆ ಹಾಡುತ್ತೇವೆ, ಒಂಬತ್ತಕ್ಕೆ ಮಲಗುತ್ತೇವೆ.

ಬೇರೆ ಬ್ಯಾಂಡಿನವರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಅದರ ಟಿಕ್‌ಟಿಕ್ ಕೇಳುತ್ತ ಬಾರಿಸುತ್ತಾರೆ. ನಮಗೆ ಅದು ಇಲ್ಲ. ಅಕ್ಕ ಕೆಳಗಿನ ಸ್ವರ ಒತ್ತಿ ಹಿಡಿಯುತ್ತಾಳೆ. ನಾನು ನಾಲ್ಕು ಮಿಡಿತ ಎಣಿಸುತ್ತೇನೆ. ಐದನೆಯದಕ್ಕೆ ಏಟು ಬೀಳುತ್ತದೆ. ಬಾವ, ಗೂಬೆ ನನ್ನ ಹಿಂದೆ. ಆರು ಆಲ್ಬಮ್ಮಿನ ಒಂದೊಂದು ಹಾಡೂ ಹೀಗೇ ಶುರುವಾದದ್ದು, ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಉಸಿರಿಗೆ. ನಮ್ಮ ಅಭಿಮಾನಿಗಳು ತಮ್ಮನ್ನು ಮುದುಕಿಯ ಮಕ್ಕಳು ಎಂದು ಕರೆದುಕೊಳ್ಳುತ್ತಾರೆ.

ಅಕ್ಕನ ಕಸುಬು ಪಿಯಾನೋ ಶ್ರುತಿ ಮಾಡುವುದು. ಶಾಲೆಗಳು, ಸಭಾಂಗಣಗಳು, ಮನೆಗಳು. ಶ್ರುತಿ ಮಾಡುವುದೆಂದರೆ ಎರಡು ತಂತಿಗಳ ನಡುವಿನ ಮಿಡಿತವನ್ನು ಕಿವಿಯಲ್ಲಿ ಹಿಡಿದು ಅದು ಸಾಯುವ ತನಕ ತಿರುಪು ತಿರುಗಿಸುವುದು. ಜೀವಮಾನದಲ್ಲಿ ಲಕ್ಷ ಮಿಡಿತ ಕೊಂದವಳು ಮುದುಕಿಯ ಒಂದನ್ನು ಮಾತ್ರ ಉಳಿಸಿದ್ದಳು.

ಶುಕ್ರವಾರ ಮುದುಕಿ ನನ್ನ ವರ್ಕ್‌ಶಾಪಿನಲ್ಲಿತ್ತು. ತಿದಿಯ ಚರ್ಮವನ್ನು ಇಲಿ ಕಡಿದಿತ್ತು. ಹೊಸ ಚರ್ಮ ಅಂಟಿಸಿದೆ. ಅಂಟು ಒಣಗಲು ಒಂದು ದಿನ ಬೇಕು. ಕೈ ಖಾಲಿ. ಹದಿನೆಂಟು ತಿರುಪು ಬಿಚ್ಚಿ ರೀಡಿನ ಹಲಗೆ ತೆಗೆದೆ, ಸುಮ್ಮನೆ ನೋಡೋಣವೆಂದು. ಕೊನೆಯ ರೀಡಿನ ಮೇಲೆ ಹಸಿರು ಕಿಲುಬು ದಪ್ಪಗೆ ಕೂತಿತ್ತು. ಆರುನೂರನೇ ನಂಬರಿನ ಎಮರಿ ಪೇಪರು ತೆಗೆದುಕೊಂಡು ಉಜ್ಜಿದೆ. ಹತ್ತು ನಿಮಿಷ. ಬಂಗಾರದ ಹಾಗೆ ಹೊಳೆಯಿತು. ಬೆಳಕಿಗೆ ಹಿಡಿದು ನೋಡಿ ಖುಷಿಪಟ್ಟೆ, ಅದನ್ನೂ ಹೇಳಬೇಕು. ವಾಪಸು ಕೂರಿಸಿ ತಿರುಪು ಬಿಗಿದೆ. ಅಂಟು ಹಸಿ ಇದ್ದುದರಿಂದ ಒತ್ತಿ ಕೇಳಲಿಲ್ಲ.

ಸೋಮವಾರ ರೆಕಾರ್ಡಿಂಗು. ಒಂಬತ್ತು ವರ್ಷದ ಮೇಲೆ ಏಳನೇ ಆಲ್ಬಮ್ಮು, ಹೆಸರು 'ಒಲೆಯಿಲ್ಲದ ಮನೆ'. ಹಳೆಯ ಅಂಗಿಗುಂಡಿ ಕಾರ್ಖಾನೆಯ ಮೇಲಿನ ಮಹಡಿಯನ್ನು ಸ್ಟುಡಿಯೋ ಮಾಡಿದ್ದರು. ಎತ್ತರದ ಛಾವಣಿ. ಮರದ ನೆಲದ ಸಂದುಗಳಲ್ಲಿ ಇನ್ನೂ ಅಂಗಿಗುಂಡಿಗಳು ಸಿಕ್ಕುತ್ತಿದ್ದವು. ಒಂದು ಕಡೆ ದೊಡ್ಡ ಗಾಜು, ಅದರ ಹಿಂದೆ ರೆಕಾರ್ಡ್ ಮಾಡುವ ಎಂಜಿನಿಯರಮ್ಮ, ಮೂವತ್ತೈದರ ಹೆಂಗಸು, ಮಾತು ಕಡಿಮೆ. ನಾಲ್ಕು ದಿನ ನಮಗೆ. ಗೂಬೆ ರಜೆ ಹಾಕಿದ್ದ, ಬಾವ ಬೇಕರಿಯನ್ನು ತಮ್ಮನಿಗೆ ಒಪ್ಪಿಸಿದ್ದರು.

"ಶುರು ಮಾಡೋಣ," ಎಂದಳು ಅಕ್ಕ. ಕನ್ನಡಕ ಹಣೆಗೇರಿಸಿ, ಚಪ್ಪಲಿ ಬಿಟ್ಟು, ತಿದಿ ತುಳಿದು, ಕೆಳಗಿನ ಸ್ವರ ಒತ್ತಿದಳು.

ನಿದ್ದೆಯ ಉಸಿರಲ್ಲ ಅದು. ಮೆಟ್ಟಿಲು ಹತ್ತಿ ಬಂದ ಮುದುಕಿಯ ಏದುಸಿರು. ಶ್ರುತಿ ಮೇಲಿದ್ದ ರೀಡನ್ನೇ ನಾನು ಉಜ್ಜಿದ್ದೆ. ತುದಿ ತೆಳುವಾಗಿ ಅದು ಇನ್ನೂ ಮೇಲೆ ಹೋಗಿತ್ತು, ಮಿಡಿತ ಬಿರುಸಾಗಿತ್ತು. ಒಂದು, ಎರಡು, ಮೂರು, ನಾಲ್ಕು. ಕೈ ಮೇಲಿತ್ತು. ನಾನು ಕೇಳಿದ್ದಕ್ಕೆ ಬಾರಿಸಲಿಲ್ಲ. ಇಪ್ಪತ್ತೇಳು ವರ್ಷದ ನೆನಪಿಗೆ ಬಾರಿಸಿದೆ, ಹಳೆಯ ನಡೆಗೆ. ಬಾವ, ಗೂಬೆ ಎಂದಿನಂತೆ ನನ್ನ ಹಿಂದೆ ಬಂದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಎರಡು ಸಾಲು ದಾಟುವ ಮೊದಲೇ ಅಕ್ಕ ಕೈ ತೆಗೆದಳು.

"ನಿಧಾನ ಬಂದೆ ನೀನು."

"ಇಲ್ಲ," ಎಂದೆ.

"ಮಿಡಿತ ಜೋರಾಗಿದೆ. ನೀನು ನಿಧಾನ ಹಿಡಿದೆ."

"ಮಿಡಿತ ಎಂದಿನ ಥರಾನೇ ಇದೆ."

ಬಾಯಿಂದ ಬಂದುಬಿಟ್ಟಿತು. ಆಗಲೇ ಹೇಳಿದ್ದರೆ ಒಂದು ಬೈಗುಳ, ಒಂದು ದಿನದ ಮುನಿಸು, ಮುಗಿಯುತ್ತಿತ್ತು. ಆದರೆ ಎಂಜಿನಿಯರಮ್ಮ ನೋಡುತ್ತಿದ್ದಳು, ಬಾವ ನೋಡುತ್ತಿದ್ದರು, ಮತ್ತೆ ರೀಡು ಮುಟ್ಟಬೇಡ ಎಂದು ಅಕ್ಕ ಒಂದೇ ಒಂದು ಮಾತು ಹೇಳಿದ್ದಳು.

ಅಕ್ಕ ಬಾವನ ಕಡೆ ತಿರುಗಿದಳು. "ನಿಮಗೆ?"

"ನನಗೆ ಇವನ ಡ್ರಮ್ಮು ಬಿಟ್ಟು ಇನ್ನೇನೂ ಕೇಳ್ಸಲ್ಲ ಮಾರಾಯ್ತಿ, ಹತ್ತು ವರ್ಷ ಆಯ್ತು."

"ನನ್ನನ್ನಂತೂ ಕೇಳ್ಬೇಡಿ," ಎಂದ ಗೂಬೆ. "ಎಡಗಿವೀಲಿ ಮೂವತ್ತು ಮಕ್ಕಳು, ಬಲಗಿವೀಲಿ ನಾನೇ."

ನಮ್ಮೆಲ್ಲರ ಕಿವಿ ಹಾಳಾಗಿದ್ದವು. ಅಕ್ಕ ಮಾತ್ರ ಮೊದಲ ದಿನದಿಂದ ಕಿವಿಗೆ ಮೇಣ ತುಂಬಿಕೊಂಡೇ ನುಡಿಸಿದವಳು. ಗಲಾಟೆ ಶುರುವಾದ ಮೇಲೆ ಮೇಣ ಹಾಕುತ್ತಾಳೆ, ನಿಂತ ಕೂಡಲೇ ತೆಗೆಯುತ್ತಾಳೆ. ಆ ಕಿವಿ ಅವಳ ಅನ್ನ. ಮಿಡಿತ ಸರಿಯಾಗಿ ಕೇಳುವವರು ಅಕ್ಕ ಒಬ್ಬಳು. ಅದರ ಜೊತೆ ಇಷ್ಟು ವರ್ಷ ಬಾಳಿದ್ದರಿಂದ ನಾನೂ.

ಮತ್ತೆ ಒತ್ತಿದಳು. ಕಣ್ಣು ಮುಚ್ಚಿ ಕೇಳಿದಳು. ತಲೆ ಸ್ವಲ್ಪ ಎಡಕ್ಕೆ, ಆಮೇಲೆ ಬಲಕ್ಕೆ.

"ತಿದಿ ಮಾಡುವಾಗ ಒಳಗೆ ನೋಡಿದ್ಯಾ?"

"ನೋಡಿದೆ."

"ರೀಡು?"

"ಇದ್ದ ಹಾಗೇ ಇದೆ."

ಅಷ್ಟೇ ಸಾಕಾಯಿತು ಅವಳಿಗೆ. ನಾನು ಸಿಟ್ಟಿನವನು. ಬಾವನ ಮೇಲೆ ಡ್ರಮ್ಮಿನ ಕೋಲು ಎಸೆದಿದ್ದೇನೆ, ಗೂಬೆಯನ್ನು ವೇದಿಕೆಯ ಮೇಲೇ ಬೈದಿದ್ದೇನೆ, ಅಕ್ಕನ ಮದುವೆಯ ದಿನ ಅವಳ ಅತ್ತೆಗೆ ಸೊಕ್ಕು ಎಂದು ಅತ್ತೆಯ ಮುಖಕ್ಕೇ ಹೇಳಿದ್ದೇನೆ. ಆದರೆ ಸುಳ್ಳು ಹೇಳಿದವನಲ್ಲ. ನನ್ನ ಒರಟುತನವನ್ನು ಮನೆಯವರು ಇಷ್ಟು ವರ್ಷ ಸಹಿಸಿದ್ದು ಆ ಒಂದು ಲೆಕ್ಕದ ಮೇಲೆ. "ಅವನು ಬೈತಾನೆ, ಆದ್ರೆ ಇದ್ದದ್ದು ಹೇಳ್ತಾನೆ," ಎಂದು ಅಕ್ಕ ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು.

ಅವಳು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಗ ನನಗೆ ಅಪ್ಪನ ನೆನಪಾಯಿತು. ಅವಳಿಗೂ ಅದೇ ಆಗಿತ್ತು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅಪ್ಪನದೂ ಶ್ರುತಿಯ ಕೆಲಸವೇ. ಅರವತ್ತರ ಹೊತ್ತಿಗೆ ಅವರಿಗೆ ಒಂದು ಸ್ವರ ಎರಡಾಗಿ ಕೇಳತೊಡಗಿತು, ಇಲ್ಲದ ಮಿಡಿತ ಕೇಳತೊಡಗಿತು. ಒಂದು ಶಾಲೆಯಲ್ಲಿ ಇಲ್ಲದ ಮಿಡಿತವನ್ನು ಕೊಲ್ಲಲು ತಿರುಪು ಬಿಗಿದರು, ಬಿಗಿದರು, ತಂತಿ ಕಡಿದು ಹಾರಿತು. ಮಕ್ಕಳು ನಕ್ಕವು. ಇನ್ನೊಂದು ಬಿಗಿದರು, ಅದೂ ಹಾರಿತು. ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಅಕ್ಕ. ಅಪ್ಪ ಮನೆಗೆ ಬಂದು ಶ್ರುತಿಯ ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದವರು ಮತ್ತೆ ಹಾಡು ಬರುವ ಕೋಣೆಗೆ ಕಾಲಿಡಲಿಲ್ಲ. ಅಕ್ಕನಿಗೆ ಈಗ ಐವತ್ತೆಂಟು.

ಗಾಜಿನ ಹಿಂದಿನಿಂದ ಎಂಜಿನಿಯರಮ್ಮನ ದನಿ ಸ್ಪೀಕರಿನಲ್ಲಿ ಬಂತು. "ಒಂದು ಹೇಳ್ಲಾ? ನಿಮ್ಮ ಹಳೇ ರೆಕಾರ್ಡು ಇಲ್ಲೇ ಇದೆ. ಅದರ ಮೊದಲ ಸ್ವರ ಹಾಕಿ, ಈಗಿನದರ ಜೊತೆ ಎಣಿಸಿ ನೋಡಿದ್ರೆ—"

"ಬೇಡ," ಎಂದೆ ನಾನು.

"ಎರಡು ನಿಮಿಷದ ಕೆಲಸ."

"ಬೇಡ ಅಂದ್ನಲ್ಲ. ಹೊಸದು ಮಾಡುವಾಗ ಹಳೇದು ಕೇಳಲ್ಲ ನಾವು. ಅದು ನಮ್ಮ ನಿಯಮ. ಗಡಿಯಾರ ಹಿಡ್ಕೊಂಡು ನಮ್ಮನ್ನ ಎಣಿಸೋಕೆ ನಿನ್ನನ್ನ ಕರೆದಿಲ್ಲ. ಟೇಪು ಓಡಿಸು, ಸಾಕು."

ನಿಯಮವೇನೋ ನಿಜ, ಅಕ್ಕನೇ ಮಾಡಿದ್ದು. ಆದರೆ ಅದನ್ನು ನಾನು ಅಷ್ಟು ದನಿ ಎತ್ತಿ ಹೇಳಿದ್ದು ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಎಂಜಿನಿಯರಮ್ಮ ಸ್ಪೀಕರಿನ ಗುಂಡಿ ಆರಿಸಿದಳು. ಆ ದಿನವಿಡೀ ಅವಳು 'ಟೇಪ್ ಓಡ್ತಿದೆ' ಎಂಬುದರಾಚೆ ಒಂದು ಮಾತೂ ಆಡಲಿಲ್ಲ.

ಸೋಮವಾರ ಹನ್ನೊಂದು ಸಲ ಪ್ರಯತ್ನಪಟ್ಟೆವು. ಹನ್ನೊಂದೂ ಕೆಟ್ಟವು. ಅಕ್ಕ ತನಗೆ ಕೇಳಿದ್ದನ್ನು ಬಿಟ್ಟು ನನ್ನ ಡ್ರಮ್ಮಿಗೆ ನುಡಿಸಲು ನೋಡಿದಳು. ಕಾಲು ಒಂದು ಹೇಳುತ್ತದೆ, ಕೈ ಇನ್ನೊಂದು. ಅವಳ ಬೆರಳುಗಳು ತಡವರಿಸುವುದನ್ನು ನಾನು ಜೀವನದಲ್ಲೇ ಮೊದಲ ಸಲ ನೋಡಿದೆ. ನಡುವೆ ಗೂಬೆ, "ಅಕ್ಕ, ಸುಸ್ತಾಗಿದ್ರೆ ನಾಳೆ ಮಾಡೋಣ," ಎಂದ. "ಸುಸ್ತಲ್ಲ ಕಣೋ," ಎಂದಳು, ಅಷ್ಟೇ. ಐದು ಗಂಟೆಗೆ ಮೇಣವನ್ನು ಡಬ್ಬಿಗೆ ಹಾಕುತ್ತ, "ನಿನಗೆ ಗ್ಯಾರಂಟಿ ಎಂದಿನ ಥರಾನೇ ಕೇಳ್ತಿದೆ ತಾನೆ?" ಎಂದು ಇನ್ನೊಮ್ಮೆ ಕೇಳಿದಳು.

"ಹೂಂ," ಎಂದೆ. ಡ್ರಮ್ಮಿನ ತಿರುಪು ಬಿಗಿಯುತ್ತಿದ್ದವನಂತೆ ಬಗ್ಗಿಕೊಂಡೇ ಅಂದೆ.

ಮಂಗಳವಾರ ಬೆಳಗಾಗುವಷ್ಟರಲ್ಲಿ ಒಂದು ಉಪಾಯ ಹೊಳೆದಿತ್ತು. ರೀಡಿನ ತುದಿ ಹಗುರಾಗಿ ತಾನೇ ಶ್ರುತಿ ಏರಿದ್ದು? ತುದಿಗೆ ಒಂದು ಹನಿ ಬೆಸುಗೆ ಬಿಟ್ಟರೆ ತೂಕ ಕೂಡಿ ಇಳಿಯುತ್ತದೆ. ಯಾರಿಗೂ ಗೊತ್ತಾಗದ ಹಾಗೆ ಮಾಡಿಬಿಟ್ಟರೆ ಮಿಡಿತ ಮೊದಲಿನಂತಾಗುತ್ತದೆ, ಅಕ್ಕನಿಗೆ ಸಮಾಧಾನ, ನನಗೆ ಮರ್ಯಾದೆ. ಬೆಸುಗೆಯ ಕಡ್ಡಿ, ಸಣ್ಣ ತಿರುಪುಳಿ ಚೀಲಕ್ಕೆ ಹಾಕಿಕೊಂಡೆ.

ಬೆಳಿಗ್ಗೆ ಇನ್ನೂ ನಾಲ್ಕು ಸಲ ಕೆಟ್ಟಿತು. ಐದನೆಯ ಸಲ ಅಕ್ಕ ಸ್ವರವನ್ನು ಒತ್ತಲೇ ಇಲ್ಲ. ಒಂದು ಗಳಿಗೆ ಕೈಯನ್ನು ಅದರ ಮೇಲೆ ಹಿಡಿದು, ಹಾಗೆಯೇ ತೆಗೆದಳು.

"ನೀವು ಊಟ ಮಾಡ್ಕೊಂಡು ಬನ್ನಿ," ಎಂದಳು. "ನಂಗೊಂದು ಫೋನು ಮಾಡೋದಿದೆ."

"ನಿಂಗೆ ಏನಾದ್ರೂ ತರ್ಲಾ?" ಎಂದರು ಬಾವ.

"ನನ್ನ ಕಿವಿ ಸಿಕ್ಕಿದ್ರೆ ತನ್ನಿ."

ನಗಲೆಂದು ಹೇಳಿದ್ದು. ಯಾರೂ ನಗಲಿಲ್ಲ. ಎಂಜಿನಿಯರಮ್ಮ, ಬಾವ, ಗೂಬೆ ಕೆಳಗಿಳಿದರು. ಅಕ್ಕ ಫೋನು ಹಿಡಿದು ಹೊರಗಿನ ಕಾರಿಡಾರಿಗೆ ಹೋದಳು. "ಪೆಡಲು ಕಿರುಗುಡ್ತಿದೆ, ಎಣ್ಣೆ ಬಿಡ್ತೀನಿ," ಎಂದು ನಾನು ಉಳಿದೆ. ಎರಡು ದಿನದಲ್ಲಿ ಸುಳ್ಳು ಹೇಳುವುದು ಎಷ್ಟು ಸಲೀಸಾಗಿತ್ತೆಂದರೆ ನನಗೇ ಹೇಸಿಗೆಯಾಯಿತು.

ಮುದುಕಿಯನ್ನು ಗೋಡೆಯಿಂದ ಸ್ವಲ್ಪ ಈಚೆ ಎಳೆದು ಹಿಂದೆ ಮಂಡಿಯೂರಿದೆ. ಹದಿನೆಂಟು ತಿರುಪು. ಬೆಸುಗೆಯ ಕಡ್ಡಿಯನ್ನು ಕಾಯಲು ಇಟ್ಟೆ. ಹಲಗೆ ಜಾರಿಸಿ ಕೈ ತೂರಿಸಿದೆ. ರೀಡು ಕೈಗೆ ಬಂತು, ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ, ಫಳಫಳ ಹೊಳೆಯುತ್ತ. ಉಳಿದವೆಲ್ಲ ಹಸಿರು, ಕಪ್ಪು. ಹುಳುಕು ಹಲ್ಲಿನ ಸಾಲಿನಲ್ಲಿ ಒಂದು ಬಂಗಾರದ ಹಲ್ಲು.

ಮುದುಕಿ ಒರಗಿದ್ದದ್ದು ಕಾರಿಡಾರಿನ ಗೋಡೆಗೆ. ಗೋಡೆಯೆಂದರೆ ಪ್ಲೈವುಡ್ಡು. ಅದರಾಚೆ ಅಕ್ಕನ ದನಿ, ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ.

"ಸರ್, ನಮಸ್ಕಾರ. ನಾನು ಪಿಯಾನೋ ಶ್ರುತಿ ಮಾಡೋಳು. ಹೂಂ, ಚೆನ್ನಾಗಿದ್ದೀನಿ. ಮುಂದಿನ ಬುಧವಾರದ್ದು ಬೇರೆ ಯಾರಿಗಾದ್ರೂ ಹೇಳ್ತೀರಾ?"

ಅದು ದೊಡ್ಡ ಸಂಗೀತ ಶಾಲೆ. ನಲವತ್ತೊಂದು ಪಿಯಾನೋ. ಅಪ್ಪ ಬಿಟ್ಟ ಮೇಲೆ ಅಕ್ಕನೇ ನೋಡಿಕೊಂಡು ಬಂದದ್ದು. ಪ್ರತಿಯೊಂದಕ್ಕೂ ಒಂದು ಹೆಸರಿಟ್ಟಿದ್ದಳು, ಜಿಪುಣ, ಅಳುಮುಂಜಿ, ದೊಡ್ಡಮ್ಮ, ಹೀಗೆ.

"ಇಲ್ಲ ಸರ್, ಆ ಬುಧವಾರ ಅಂತಲ್ಲ. ಇನ್ಮುಂದೆ. ಪೂರ್ತಿ." ತಡೆದಳು. ಆ ಕಡೆಯಿಂದ ಏನೋ ಹೇಳುತ್ತಿದ್ದರು. "ಕಿವಿ ಸರ್. ಇಲ್ಲದ್ದು ಕೇಳ್ತಿದೆ. ನಮ್ಮಪ್ಪನಿಗೂ ಹೀಗೇ ಶುರುವಾದದ್ದು. ಡಾಕ್ಟರು ಬೇಡ ಸರ್, ನನ್ನ ತಮ್ಮನ ಹತ್ರ ಕೇಳಿದೆ. ಅವನು ಸುಳ್ಳು ಹೇಳೋನಲ್ಲ. ಮಾನ ಹೋದ ಮೇಲೆ ಬಿಡೋದಕ್ಕಿಂತ ಈಗ್ಲೇ ಬಿಡೋದು ವಾಸಿ ಅಲ್ವಾ."

ಕಡ್ಡಿ ಕಾದು ಹೊಗೆಯಾಡುತ್ತಿತ್ತು. ಒಂದು ಹನಿ ಬಿಟ್ಟರೆ ಆಯಿತು. ಎರಡು ನಿಮಿಷ. ಆಮೇಲೆ ತಿರುಪು ಬಿಗಿದು, ಅಕ್ಕಾ ಬಾ, ಇನ್ನೊಂದ್ಸಲ ಕೇಳು ಎಂದು ಕರೆದರೆ ಆಯಿತು. ಕೇಳುತ್ತಾಳೆ, ಸರಿಯಾಗಿದೆ ಎನ್ನುತ್ತಾಳೆ. ಆದರೆ ನಿನ್ನೆ ಯಾಕೆ ಹಾಗೆ ಕೇಳಿತು ಎಂಬ ಹುಳ ಒಳಗೆ ಕೂತಿರುತ್ತದೆ. ನಾಳೆ ಜಿಪುಣನ ಮುಂದೆ, ಅಳುಮುಂಜಿಯ ಮುಂದೆ ಕೂತು ತಿರುಪು ಹಿಡಿದಾಗ ಅದು ಕಚ್ಚುತ್ತದೆ. ಕಚ್ಚಿದ ದಿನ ಇದೇ ಫೋನು ಮತ್ತೆ ಮಾಡುತ್ತಾಳೆ. ಇಷ್ಟು ಯೋಚನೆ ಮಾಡಿದೆನೋ ಇಲ್ಲವೋ, ಈಗ ಹೇಳುತ್ತಿದ್ದೇನೆ. ಆಗ ಗೊತ್ತಿದ್ದದ್ದು ಇಷ್ಟೇ: ಅವನು ಸುಳ್ಳು ಹೇಳೋನಲ್ಲ ಎಂದು ಅವಳು ಯಾರೋ ಪರರಿಗೆ ಹೇಳುತ್ತಿದ್ದಳು.

ಎದ್ದೆ. ಮಂಡಿ ಪಟಕ್ಕೆಂದಿತು. ಕಾರಿಡಾರಿಗೆ ಹೋದೆ. ಕೋಟು ನೇತುಹಾಕುವ ಮೊಳೆಗಳ ಕೆಳಗೆ, ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಫೋನು ಕಿವಿಯಲ್ಲೇ ಇತ್ತು. ಅವಳ ಇನ್ನೊಂದು ಕೈ ಹಿಡಿದು, ಅಂಗೈ ಬಿಡಿಸಿ, ರೀಡು ಇಟ್ಟೆ.

ನೋಡಿದಳು. ಬೆರಳಿನಿಂದ ತುದಿ ಸವರಿದಳು.

"ಒಂದು ನಿಮಿಷ ಸರ್," ಎಂದಳು ಫೋನಿಗೆ. ನನ್ನ ಮುಖ ನೋಡಲಿಲ್ಲ. "ಎಷ್ಟನೇ ನಂಬರ್ ಪೇಪರು?"

"ಆರುನೂರು."

"ಯಾವಾಗ?"

"ಶುಕ್ರವಾರ."

"ಎಷ್ಟು ಹೊತ್ತು ಉಜ್ಜಿದೆ?"

"ಹತ್ತು ನಿಮಿಷ."

ತಲೆಯಾಡಿಸಿದಳು, ಲೆಕ್ಕ ಸರಿಹೋಯಿತು ಎನ್ನುವ ಹಾಗೆ. ಆಮೇಲೆ ಫೋನಿಗೆ, "ಸರ್, ಕ್ಷಮಿಸಿ. ನಾನು ಹೇಳಿದ್ದು ಮರೆತುಬಿಡಿ. ಮುಂದಿನ ಬುಧವಾರ ಬರ್ತೀನಿ. ಒಂಬತ್ತಕ್ಕೆ ಬಾಗಿಲು ತೆಗೆಸಿರಿ," ಎಂದಳು. ಇಟ್ಟಳು.

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನಿನ್ನೆ ಬೆಳಿಗ್ಗೆಯಿಂದ ನಂಗೆ ಏನಾಗ್ತಿತ್ತು ಗೊತ್ತಾ ನಿಂಗೆ?" ಎಂದಳು. ದನಿ ಏರಿಸಲಿಲ್ಲ. "ಅಡುಗೆಮನೇಲಿ ನಲ್ಲಿ ಬಿಟ್ಟು ಅದರ ಶಬ್ದ ಸರಿಯಾಗಿ ಕೇಳ್ತಿದ್ಯಾ ಅಂತ ನೋಡ್ತಿದ್ದೆ. ಗಡಿಯಾರಾನ ಕಿವಿಗೆ ಹಿಡ್ಕೊಂಡು ಕೂತಿದ್ದೆ. ನಿನ್ನ ಬಾವ, ಏನಾಯ್ತು ಅಂದ್ರೆ, ಏನಿಲ್ಲ ಅಂದೆ."

"ಅಕ್ಕ..."

"ರೀಡು ಹಾಳು ಮಾಡಿದ್ದಕ್ಕಲ್ಲ. ಹಿತ್ತಾಳೆ, ಹೋಗ್ಲಿ. ನಾನು ಕೇಳಿದ್ದನ್ನ ಇಲ್ಲ ಅಂದ್ಯಲ್ಲ."

ಊಟಕ್ಕೆ ಹೋದವರು ಮೆಟ್ಟಿಲು ಹತ್ತಿ ಬಂದರು. ಬಾವನ ಕೈಯಲ್ಲಿ ಪೊಟ್ಟಣ. ಅಕ್ಕ ಎಲ್ಲರನ್ನೂ ಒಳಗೆ ಕರೆದು ಎಂಜಿನಿಯರಮ್ಮನನ್ನು ಕೇಳಿದಳು: "ನಿನ್ನೆ ನೀನೇನೋ ಹೇಳೋಕೆ ಹೊರಟೆ, ಇವನು ಕೂಗಾಡಿದ. ಏನದು?"

ಎಂಜಿನಿಯರಮ್ಮ ನನ್ನ ಕಡೆ ನೋಡಿ, ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದಳು. ಬರೆದಿಟ್ಟುಕೊಂಡಿದ್ದಳು. "ಆರ್ಗನ್ನಿನ ಮಿಡಿತ ನಿಮಿಷಕ್ಕೆ ಎಪ್ಪತ್ತು. ಇವರ ಡ್ರಮ್ಮು ಐವತ್ತನಾಲ್ಕು. ಹಳೇ ರೆಕಾರ್ಡಲ್ಲೂ ಐವತ್ತನಾಲ್ಕೇ. ನಿನ್ನೆ ನೀವು ಹೋದ ಮೇಲೆ ಕೇಳಿದೆ."

"ನನಗೂ ಎಪ್ಪತ್ತೇ ಕೇಳಿದ್ದು," ಎಂದಳು ಅಕ್ಕ.

ಉಳಿದದ್ದು ನನಗೆ ಬಿಟ್ಟಳು. ಹೇಳಿದೆ. ಶುಕ್ರವಾರ, ಕಿಲುಬು, ಎಮರಿ ಪೇಪರು, ಸೋಮವಾರ, ಪೆಡಲಿನ ಎಣ್ಣೆ, ಎಲ್ಲ. ಎಂಜಿನಿಯರಮ್ಮನಿಗೆ, "ನಿನ್ನ ಮೇಲೆ ಕೂಗಾಡಿದ್ದು ತಪ್ಪು," ಎಂದೂ ಹೇಳಿದೆ. ಅವಳು ಭುಜ ಕುಣಿಸಿದಳು. ಬಾವ ಪೊಟ್ಟಣವನ್ನು ಆರ್ಗನ್ನಿನ ಮೇಲಿಟ್ಟು ನನ್ನನ್ನು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷದಲ್ಲಿ ಆ ಮನುಷ್ಯ ನನ್ನನ್ನು ಅಷ್ಟು ಎಚ್ಚರವಾಗಿ ನೋಡಿದ್ದಿಲ್ಲ.

"ನೀನು ನನ್ನ ಹೆಂಡ್ತಿ ತಮ್ಮ," ಎಂದರು ಕೊನೆಗೆ. "ಅಷ್ಟಕ್ಕೇ ಸುಮ್ಮನಿದ್ದೀನಿ."

"ಬೆಸುಗೆ ಕಾದಿದೆ," ಎಂದೆ ಅಕ್ಕನಿಗೆ. "ಒಂದು ಹನಿ ಬಿಟ್ರೆ ಐವತ್ತನಾಲ್ಕಕ್ಕೆ ಇಳಿಯುತ್ತೆ. ನೀನೇ ನಿಂತು ನೋಡು."

"ಬೇಡ."

"ಮತ್ತೆ?"

"ಐವತ್ತನಾಲ್ಕು ಇದ್ದದ್ದು ಅದರಷ್ಟಕ್ಕೆ ಇತ್ತು. ಯಾರೂ ಮಾಡಿದ್ದಲ್ಲ. ಈಗ ನೀನು ಬೆಸುಗೆ ಹಾಕಿ ಇಳಿಸಿದ್ರೆ ಅದು ನೀನು ಮಾಡಿದ ಐವತ್ತನಾಲ್ಕು. ಕಿಲುಬು ಅಂಟಿಸೋಕಾಗಲ್ಲ." ಅವಳು ರೀಡನ್ನು ತಾನೇ ಕೂರಿಸಿದಳು, ತಿರುಪುಳಿ ನನ್ನ ಕೈಯಿಂದ ಕಿತ್ತುಕೊಂಡು ತಿರುಪನ್ನೂ ತಾನೇ ಬಿಗಿಯತೊಡಗಿದಳು. "ಅದು ಈಗ ಎಪ್ಪತ್ತು ಹೇಳ್ತಿದೆ. ಎಪ್ಪತ್ತಕ್ಕೇ ಬಾರಿಸು."

ಎಪ್ಪತ್ತು ಎಂದರೆ ಏನೆಂದು ನಮಗೆ ಮೂವರಿಗೂ ಗೊತ್ತಿತ್ತು. ಹಾಡು ಬಿರುಸಾಗುವ ಕಡೆ ನನ್ನ ಕಾಲು ಒಂದು ಮಿಡಿತಕ್ಕೆ ಎಂಟು ಏಟು ಹಾಕಬೇಕು. ಹಳೆಯ ನಡೆಗೇ ನಿಮಿಷಕ್ಕೆ ನಾನೂರ ಮೂವತ್ತೆರಡು ಏಟು. ಎಪ್ಪತ್ತಕ್ಕೆ ಐನೂರ ಅರವತ್ತು. ಇಪ್ಪತ್ತೈದರ ಹುಡುಗರು ಮಾಡುತ್ತಾರೆ. ನನಗೆ ಐವತ್ತೆರಡು, ಬಲಮಂಡಿ ಮಳೆ ಬರುವುದನ್ನು ಮುಂಚೆಯೇ ಹೇಳುತ್ತದೆ.

"ಅಷ್ಟು ಸ್ಪೀಡಿಗೆ ನನ್ನ ಪದ ಹಿಡಿಸಲ್ಲ ಅಕ್ಕ," ಎಂದ ಗೂಬೆ.

"ಕಡಿಮೆ ಪದ ಹಾಡು. ಹೇಗಿದ್ರೂ ಒಬ್ಬರಿಗೂ ಅರ್ಥ ಆಗಲ್ಲ."

"ಅದೂ ಸರಿ."

"ಇವನ ಕಾಲು?" ಎಂದರು ಬಾವ.

"ಮಾಡಿದ್ದುಣ್ಣೋ ಮಹಾರಾಯ," ಎಂದಳು ಅಕ್ಕ, ಹದಿನೆಂಟನೆಯ ತಿರುಪು ಬಿಗಿಯುತ್ತ.

ಮಂಗಳವಾರ ಮಧ್ಯಾಹ್ನವೆಲ್ಲ ಆಗಲಿಲ್ಲ. ಬುಧವಾರ ಬೆಳಿಗ್ಗೆಯೂ ಆಗಲಿಲ್ಲ. ಮೂರು ನಿಮಿಷಕ್ಕೆ ತೊಡೆ ಕಲ್ಲಾಗುತ್ತಿತ್ತು, ನಾಲ್ಕಕ್ಕೆ ಪೆಡಲು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಅಕ್ಕ ಪ್ರತಿ ಸಲ ಕೆಟ್ಟಾಗಲೂ ಮೇಣ ತೆಗೆದು, ಕೆಳಗಿನ ಸ್ವರವನ್ನು ಮತ್ತೆ ಒತ್ತುತ್ತಿದ್ದಳು. ಊಟಕ್ಕೆ ಕೂತಾಗ ಪೊಟ್ಟಣವನ್ನು ಬಾವನ ಕೈಗೆ ಕೊಟ್ಟು, "ಅವನಿಗೂ ಕೊಡಿ," ಎನ್ನುತ್ತಿದ್ದಳು. ನನ್ನ ಜೊತೆ ಮಾತಿಲ್ಲ. ಮುದುಕಿ ಮಾತ್ರ ನನ್ನ ಮುಂದೆ ಏದುಸಿರು ಬಿಡುತ್ತ ಕೂತಿತ್ತು. ಅದನ್ನು ಓಡಿಸಿದವನು ನಾನೇ. ಈಗ ಅದರ ಹಿಂದೆ ಓಡುವವನೂ ನಾನೇ.

ಬುಧವಾರ ನಾಲ್ಕು ಗಂಟೆಯ ಹೊತ್ತಿಗೆ ಕಿಟಕಿಯ ಬಿಸಿಲು ನೆಲದ ಸಂದಿನ ಅಂಗಿಗುಂಡಿಗಳ ಮೇಲೆ ಬಿದ್ದಿತ್ತು. "ಟೇಪ್ ಓಡ್ತಿದೆ," ಎಂದಳು ಎಂಜಿನಿಯರಮ್ಮ. ಅಕ್ಕ ಒತ್ತಿದಳು. ಒಂದು. ಎರಡು. ಮೂರು. ನಾಲ್ಕು. ಈ ಸಲ ನಾನು ನೆನಪನ್ನು ಕೇಳಲಿಲ್ಲ, ಅವಳಿಗೆ ಏನು ಕೇಳುತ್ತಿದೆಯೋ ಅದನ್ನೇ ಕೇಳಿದೆ. ಐದನೆಯದಕ್ಕೆ ಏಟು ಬಿತ್ತು. ಅದು ಸರಿಯಾಗಿ ಮಿಡಿತದ ನೆತ್ತಿಯ ಮೇಲೆ ಬಿದ್ದದ್ದು ನನಗೆ ಹೊಟ್ಟೆಯಲ್ಲಿ ಗೊತ್ತಾಯಿತು. ಬಾವನ ಗಿಟಾರು ಹರಿದುಕೊಂಡು ಬಂತು. ಗೂಬೆ ಬಾಯಿ ತೆರೆದ. ಒಲೆಯಿಲ್ಲದ ಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುವ ಹಾಡು ಅದು. ಇಷ್ಟು ವರ್ಷ ನಾವು ಸಾವಿನ ಬಗ್ಗೆ ಮೆರವಣಿಗೆಯ ಹಾಗೆ ಹಾಡಿದ್ದೆವು. ಈಗ ಅದು ಬೆನ್ನಟ್ಟಿ ಬರುತ್ತಿತ್ತು.

ಮೂರು ನಿಮಿಷ. ತೊಡೆ ಉರಿಯಿತು. ನಾಲ್ಕು. ಬೆವರು ಕಣ್ಣಿಗೆ ಇಳಿದು ಅಕ್ಕನ ಬೆನ್ನು ಮಾತ್ರ ಮಂಜಾಗಿ ಕಾಣುತ್ತಿತ್ತು, ತಿದಿಯ ಜೊತೆ ಏರಿ ಇಳಿಯುವ ಭುಜ. ಅದನ್ನೇ ಹಿಡಿದುಕೊಂಡೆ. ಏಳನೆಯ ನಿಮಿಷದಲ್ಲಿ ಬಲಮಂಡಿಯಲ್ಲಿ ಏನೋ ಜಾರಿತು, ನೋವನ್ನು ಆಮೇಲೆ ನೋಡಿಕೊಳ್ಳೋಣ ಎಂದು ಪಕ್ಕಕ್ಕಿಟ್ಟೆ. ಹತ್ತು. ಹನ್ನೊಂದಕ್ಕೆ ಎಲ್ಲರೂ ನಿಂತೆವು, ಕೆಳಗಿನ ಸ್ವರವೊಂದು ಉಳಿಯಿತು. ಅಕ್ಕ ತಿದಿ ಬಿಟ್ಟಳು. ಮುದುಕಿ ಏದುಸಿರು ಬಿಡುತ್ತ ಬಿಡುತ್ತ ಸಣ್ಣಗಾಗಿ ಆರಿತು.

ಗಾಜಿನ ಹಿಂದೆ ಎಂಜಿನಿಯರಮ್ಮ ಎದ್ದು ನಿಂತಿದ್ದಳು. ಗೂಬೆ ನೆಲದ ಮೇಲೆ ಕೂತುಬಿಟ್ಟ. "ಇದು," ಎಂದರು ಬಾವ, ಮುಂದೆ ಏನೂ ಸಿಗದೆ ಮತ್ತೊಮ್ಮೆ, "ಇದು," ಎಂದರು.

ಅಕ್ಕ ಕಿವಿಯ ಮೇಣ ತೆಗೆದಳು. ಕುರ್ಚಿಯಲ್ಲಿ ಪೂರ್ತಿ ತಿರುಗಿ, ಎರಡು ದಿನದಲ್ಲಿ ಮೊದಲ ಸಲ ನೇರವಾಗಿ ನನ್ನನ್ನು ನೋಡಿದಳು.

"ಒಂಬತ್ತನೇ ನಿಮಿಷದಲ್ಲಿ ಕೂದಲೆಳೆಯಷ್ಟು ನಿಧಾನ ಆದೆ."

ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಕೋಲು ಅವರ ತಲೆಯ ಮೇಲೆ ಹಾರುತ್ತಿತ್ತು. ಗೂಬೆ ನನ್ನ ಮುಖ ನೋಡಿ ಸ್ವಲ್ಪ ಪಕ್ಕಕ್ಕೆ ಸರಿದುಕೊಂಡ. ನನ್ನ ಕಾಲು ಪೆಡಲಿನ ಮೇಲೆ ತಾನಾಗಿ ನಡುಗುತ್ತಿತ್ತು.

"ಹೌದು," ಎಂದೆ. "ಆದೆ."

ಅಕ್ಕ ಆರ್ಗನ್ನಿನ ಕಡೆ ತಿರುಗಿ ತಿದಿಯ ಮೇಲೆ ಕಾಲಿಟ್ಟಳು. ನಾನು ಕೋಲು ಎತ್ತಿಕೊಂಡೆ.